12 ಪುಟದ ಇತಿಹಾಸವನ್ನು ಎಲ್ಲಿಡಬೇಕು?

ಡೊಂಬಿವಲಿಯ ಗೆಳೆಯರೇ, ನಿಮ್ಮ ಫ್ಯಾಂಟಸಿ ಕಾದಂಬರಿಯ ಆರಂಭದ 12 ಪುಟ ರಾಜವಂಶದ ಇತಿಹಾಸ, ಓದುವವರು ಅಲ್ಲೇ ನಿಲ್ಲುತ್ತಿದ್ದಾರೆ ಎಂದಿರಿ. ಹರಿದು ಹಾಕಬೇಡಿ, ಜಾಗ ಬದಲಿಸಿ. ಟೋಲ್ಕಿನ್ ಕೂಡ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ವಂಶಾವಳಿ, ಕಾಲಗಣನೆಗಳನ್ನು 1955ರ ಕೊನೆಯ ಸಂಪುಟದ ಅನುಬಂಧದಲ್ಲಿಟ್ಟರು.

ಮುಂಬೈಯ ಮಾಟುಂಗಾದಲ್ಲಿ ಇಳಿಯಬೇಕಾದವನು ಅಲ್ಲಿ ನಿಲ್ಲದ ಫಾಸ್ಟ್ ಲೋಕಲ್ ರೈಲು ಹತ್ತಿ ದಾದರ್ ತಲುಪಿದರೆ ನಿಯಮ ತಾನಾಗಿ ತಿಳಿಯುತ್ತದಲ್ಲ, ಹಾಗೆ ಪಾತ್ರಕ್ಕೆ ಪೆಟ್ಟು ಬೀಳುವಾಗಲೇ ನಿಮ್ಮ ಲೋಕದ ಕಟ್ಟಳೆ ಹೇಳಿ, ದೃಶ್ಯಕ್ಕೆ ಒಂದೇ. ಇಬ್ಬರಿಗೂ ಗೊತ್ತಿರುವುದನ್ನೇ ಇಬ್ಬರೂ ಮಾತಾಡಿಕೊಳ್ಳುವ ಸಂಭಾಷಣೆ ಮಾತ್ರ ಬೇಡವೇ ಬೇಡ.

ಮೊದಲು ಬಿತ್ತಿದ ವಿವರ ಮುಂದೆ ಫಲ ಕೊಡುವ ಬಗೆಗೆ ಮಹಾಭಾರತದ ಊರ್ವಶಿಯ ಶಾಪ ನೋಡಿ. ಅರಣ್ಯಪರ್ವದಲ್ಲಿ ಅರ್ಜುನನಿಗೆ ಅವಮಾನ, ವಿರಾಟಪರ್ವದಲ್ಲಿ ಅದೇ ಬೃಹನ್ನಳೆಯ ಮರೆ. ಎಂಥ ಸೊಗಸಾದ ಕಟ್ಟು! ಬಿತ್ತಿದ ಕ್ಷಣದಲ್ಲೂ ಅದಕ್ಕೊಂದು ಸ್ವಂತ ಕೆಲಸವಿತ್ತು. ಇಲ್ಲದಿದ್ದರೆ ಓದುಗರು ಮುಂದಿನದನ್ನು ಊಹಿಸಿಬಿಡುತ್ತಾರೆ. ಸಂಪುಟಗಳ ನಡುವೆ ಅಂತರ ಹೆಚ್ಚಾದರೆ ಮಧ್ಯೆ ಒಮ್ಮೆ ನೆನಪಿಸಿ.