ಚುರುಕು ಸೆಡಾನ್‌ನಿಂದ ಹೈಬ್ರಿಡ್ ಐಷಾರಾಮಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಟರ್ಬೊ ಪೆಟ್ರೋಲ್ ಸೆಡಾನ್ ಮಾರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ) ಐಷಾರಾಮಿ ಕಾರು ಕೊಳ್ಳಲು ಹೊರಟವರು, ಈಗಾಗಲೇ ಕೊಂಡವರು ಬರೆದ ಪತ್ರಗಳಿಂದ ಏಳನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಬಳಿ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಇದೆ. ಜಯನಗರದಿಂದ ವೈಟ್‌ಫೀಲ್ಡ್‌ಗೆ ದಿನವೂ ಓಡಾಟ. ಲೆಕ್ಸಸ್ ಇಎಸ್ 300ಎಚ್ ಅಥವಾ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ ಕೊಳ್ಳುವ ಯೋಚನೆ. ಓಡಿಸುವ ಖುಷಿ ಪೂರ್ತಿ ಹೋಗಿಬಿಡುತ್ತದೆಯೇ?
— ಓದುಗರು, ಬೆಂಗಳೂರು

ಉತ್ತರ: ತಿರುವುಗಳಲ್ಲಿ ಕಾರನ್ನು ಒತ್ತಿ ಓಡಿಸುವುದೇ ನಿಮ್ಮ ಖುಷಿಯಾಗಿದ್ದರೆ, ಹೌದು, ಹೋಗುತ್ತದೆ. ನಿಮ್ಮ ಆರ್‌ಎಸ್‌ನ 2 ಲೀಟರ್ ಟರ್ಬೊ ಎಂಜಿನ್ 230 ಪಿಎಸ್ (ಅಶ್ವಶಕ್ತಿ) ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಏಳು ಸೆಕೆಂಡೂ ಬೇಡ. ಇಎಸ್ 300ಎಚ್‌ನದು 2.5 ಲೀಟರ್, ಟರ್ಬೊ ಇಲ್ಲದ ಎಂಜಿನ್. ಎಂಜಿನ್ ಮತ್ತು ಮೋಟಾರ್ ಸೇರಿ 218 ಪಿಎಸ್. ಕಾಗದದ ಮೇಲೆ ಅಂತರ ಚಿಕ್ಕದಾಗಿ ಕಂಡರೂ ಇಎಸ್ ನಿಮ್ಮ ಕಾರಿಗಿಂತ 200 ಕೆ.ಜಿ.ಗೂ ಹೆಚ್ಚು ಭಾರ, 100 ಮುಟ್ಟಲು ಸುಮಾರು 8.9 ಸೆಕೆಂಡ್. ಹೊಸ ಕ್ಯಾಮ್ರಿ 230 ಪಿಎಸ್‌ನದು, ಸ್ವಲ್ಪ ಚುರುಕು.

ಸೆಕೆಂಡುಗಳಿಗಿಂತ ಮುಖ್ಯವಾದದ್ದು ಶಕ್ತಿ ಬರುವ ರೀತಿ. ಇವುಗಳಲ್ಲಿ ಕ್ಲಚ್ ಇಲ್ಲ, ಬದಲಾಗುವ ಗಿಯರ್ ಇಲ್ಲ. ಒಂದು ಪ್ಲಾನೆಟರಿ ಗಿಯರ್ ಗುಚ್ಛಕ್ಕೆ (ನಡುವಿನ ಗಿಯರ್ ಸುತ್ತ ಚಿಕ್ಕ ಗಿಯರ್‌ಗಳು ಸುತ್ತುವ ಜೋಡಣೆ) ಎಂಜಿನ್ ಮತ್ತು ಎರಡು ಮೋಟಾರ್‌ಗಳು ಸೇರಿಕೊಂಡಿರುತ್ತವೆ. 0ಯಿಂದ 40ರವರೆಗೆ ಮೋಟಾರ್ ತಕ್ಷಣ ಎಳೆಯುತ್ತದೆ. ಸಿಗ್ನಲ್ ಬಿಟ್ಟ ಕೂಡಲೇ ಹೊರಡುವುದರಲ್ಲಿ ನಿಮಗೆ ಕೊರತೆ ಕಾಣದು. ಆದರೆ 80ರಲ್ಲಿ ಹೋಗುವಾಗ ಪೆಡಲ್ ಪೂರ್ತಿ ತುಳಿದರೆ ಎಂಜಿನ್ ಮೊದಲು ಮೇಲಿನ ಆರ್‌ಪಿಎಂಗೆ ಹೋಗಿ ಅಲ್ಲೇ ನಿಂತು ಗುಂಯ್‌ಗುಟ್ಟುತ್ತದೆ, ವೇಗ ಆಮೇಲೆ ಏರುತ್ತದೆ. ಸದ್ದಿಗೂ ವೇಗಕ್ಕೂ ನೇರ ಸಂಬಂಧ ಇರುವುದಿಲ್ಲ. ನಿಮ್ಮ ಆರ್‌ಎಸ್‌ನಲ್ಲಿರುವಂಥ, ಎರಡು ಕ್ಲಚ್‌ನ ಡಿಎಸ್‌ಜಿ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್‌ಗೆ ಒಗ್ಗಿದವರು ಮೊದಲ ತಿಂಗಳಲ್ಲಿ ದೂರುವುದು ಇದನ್ನೇ.

ಸಿಕ್ಕುವುದು ಏನು? ಸಿಲ್ಕ್ ಬೋರ್ಡ್‌ನಂಥ ಕಡೆ ಅಡಿ ಅಡಿಯಾಗಿ ತೆವಳುವಾಗ ಡಿಎಸ್‌ಜಿಯ ಕ್ಲಚ್ ಅರೆಬರೆ ಹಿಡಿದು ಬಿಸಿಯಾಗುತ್ತಿರುತ್ತದೆ. ಹೈಬ್ರಿಡ್‌ನಲ್ಲಿ ಸವೆಯಲು ಕ್ಲಚ್ಚೇ ಇಲ್ಲ. ಎಂಜಿನ್ ಬಹುಪಾಲು ಆರಿರುತ್ತದೆ, ಎಸಿ ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ತಂಪು ನಿಲ್ಲುವುದಿಲ್ಲ. ನಿಮ್ಮ ದಾರಿಗೆ ಇದು ದೊಡ್ಡ ನೆಮ್ಮದಿ.

ಟೆಸ್ಟ್ ಡ್ರೈವ್ ಅನ್ನು ಷೋರೂಂ ಸುತ್ತ ಮುಗಿಸಬೇಡಿ. ನಾಲ್ಕು ಜನ ಕೂರಿಸಿ ಒಂದು ಫ್ಲೈಓವರ್ ಏರಿಸಿ, ಖಾಲಿ ರಸ್ತೆಯಲ್ಲಿ 60ರಿಂದ 100ಕ್ಕೆ ಒಮ್ಮೆ ಪೂರ್ತಿ ತುಳಿದು ಸದ್ದು ಸಹ್ಯವೇ ನೋಡಿ, ನಿಲ್ಲುವ ಕೊನೆಯ ಒಂದೆರಡು ಮೀಟರಿನಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ ಗಮನಿಸಿ. ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿಗೂ ಒಯ್ಯಿರಿ. ಇಎಸ್ ಸುಮಾರು ಐದು ಮೀಟರ್ ಉದ್ದ, ಅದರ ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) 2,870 ಮಿ.ಮೀ. ಎತ್ತರದ ಹಂಪ್‌ಗಳಲ್ಲಿ ನಡು ಹೊಟ್ಟೆ ತಾಗುವ ಸಾಧ್ಯತೆ ನಿಮ್ಮ ಈಗಿನ ಕಾರಿಗಿಂತ ಬೇರೆ ರೀತಿಯದು. ನಿಧಾನವಾಗಿ, ಓರೆಯಾಗಿ ಹತ್ತಿಸುವುದು ರೂಢಿಯಾಗಬೇಕು.

ಪ್ರಶ್ನೆ: ಒಂದು ಜರ್ಮನ್ ಸೆಡಾನ್‌ನಲ್ಲೂ ‘48 ವೋಲ್ಟ್ ಹೈಬ್ರಿಡ್’ ಇದೆ, ಅದೂ ಲೆಕ್ಸಸ್, ಟೊಯೋಟಾ ಹೈಬ್ರಿಡ್ಡೂ ಒಂದೇ ಎಂದು ಮಾರಾಟಗಾರರು ಹೇಳುತ್ತಾರೆ. ನಿಜವೇ?
— ಓದುಗರು, ಮೈಸೂರು

ಉತ್ತರ: ಅಲ್ಲ. 48 ವೋಲ್ಟಿನದು ಮೈಲ್ಡ್ ಹೈಬ್ರಿಡ್. ಎಂಜಿನ್ನಿಗೆ ಜೋಡಿಸಿದ ಸ್ಟಾರ್ಟರ್-ಜನರೇಟರ್ ಹೊರಡುವಾಗ ಒಂದಿಷ್ಟು ಕೈಜೋಡಿಸುತ್ತದೆ, ನಿಂತಾಗ ಎಂಜಿನ್ ಆರಿಸಿ ನಯವಾಗಿ ಮತ್ತೆ ಚಾಲೂ ಮಾಡುತ್ತದೆ. ಊರೊಳಗೆ ಮೋಟಾರ್ ಒಂದರಿಂದಲೇ ಕಾರು ಓಡಿಸುವಷ್ಟು ಶಕ್ತಿ ಅದಕ್ಕಿಲ್ಲ. ಒಂದೇ ಪ್ರಶ್ನೆ ಕೇಳಿ: ‘ಎಂಜಿನ್ ಆರಿದ್ದಾಗ ಈ ಕಾರು 30 ಕಿ.ಮೀ. ವೇಗದಲ್ಲಿ ಓಡುತ್ತದೆಯೇ?’ ಇಲ್ಲವೆಂದರೆ ಅದು ಮೈಲ್ಡ್ ಹೈಬ್ರಿಡ್. ಅದು ಕೆಟ್ಟದ್ದೆಂದಲ್ಲ. ಗಿಯರ್ ಬದಲಾಗುವ ಖುಷಿ ಉಳಿಯಬೇಕು ಎನ್ನುವವರಿಗೆ ಅದೇ ಹೆಚ್ಚು ಹೊಂದುತ್ತದೆ. ಆದರೆ ಟ್ರಾಫಿಕ್‌ನಲ್ಲಿ ಮೈಲೇಜ್ ಇಮ್ಮಡಿಯಾದೀತೆಂದು ನಂಬಿ ಅದನ್ನು ಕೊಳ್ಳಬೇಡಿ.

ಪ್ರಶ್ನೆ: ಪೆಟ್ರೋಲ್ ಉಳಿತಾಯದಲ್ಲಿ ಹೈಬ್ರಿಡ್‌ನ ಬೆಲೆ ಎಷ್ಟು ವರ್ಷದಲ್ಲಿ ತೀರುತ್ತದೆ? ತಿಂಗಳಿಗೆ 1,000 ಕಿ.ಮೀ. ಓಡಾಟ.
— ಓದುಗರು, ಹುಬ್ಬಳ್ಳಿ

ಉತ್ತರ: ತೀರುವುದಿಲ್ಲ. ಊರೊಳಗೆ ನಿಮ್ಮ ಟರ್ಬೊ ಸೆಡಾನ್ ಲೀಟರಿಗೆ 8 ಕಿ.ಮೀ., ಹೈಬ್ರಿಡ್ 16 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 62 ಲೀಟರ್ ಉಳಿತಾಯ, ವರ್ಷಕ್ಕೆ ಸುಮಾರು 75,000 ರೂಪಾಯಿ. ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೇಲಿನ ಕಾರಿಗೆ ಆಜೀವ ತೆರಿಗೆ ಶೇ 18, ಅದರ ಮೇಲೆ ಸೆಸ್. 50 ಲಕ್ಷದ ಕಾರಿಗೆ ಬರೀ ತೆರಿಗೆಯೇ 9 ಲಕ್ಷ. ಅದನ್ನು ತುಂಬಿಕೊಳ್ಳಲೇ 12 ವರ್ಷ ಬೇಕು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್ ಕಾರಿಗೂ ದೊಡ್ಡ ಹೈಬ್ರಿಡ್‌ಗೂ ಜಿಎಸ್‌ಟಿ ಒಂದೇ, ಶೇ 40. ಮೊದಲು ಹೈಬ್ರಿಡ್‌ಗೆ ಇದ್ದ ಅಲ್ಪ ರಿಯಾಯಿತಿಯೂ ಈಗ ಇಲ್ಲ. ಬ್ರೇಕ್ ಹಾಕುವಾಗ ಹೈಬ್ರಿಡ್‌ನ ಮೋಟಾರ್ ವಿದ್ಯುತ್ ಮಾಡಿ ಬ್ಯಾಟರಿಗೆ ತುಂಬುತ್ತದೆ, ಊರೊಳಗಿನ ಉಳಿತಾಯಕ್ಕೆ ಇದೂ ಒಂದು ಕಾರಣ. ಹೆದ್ದಾರಿಯಲ್ಲಿ 100ರ ಏಕವೇಗದಲ್ಲಿ ಹೋಗುವಾಗ ಬ್ರೇಕ್‌ನಿಂದ ಮರಳಿ ಪಡೆಯಲು ಏನೂ ಇರುವುದಿಲ್ಲ, ಹಾಗಾಗಿ ಮೈಲೇಜಿನ ಅಂತರವೂ ಕುಗ್ಗುತ್ತದೆ. ನಿಮ್ಮ ಓಡಾಟ ಹೆಚ್ಚಾಗಿ ಹುಬ್ಬಳ್ಳಿ–ಬೆಂಗಳೂರು ಆಗಿದ್ದರೆ ಮೇಲಿನ ಲೆಕ್ಕವೂ ಬಾರದು.

ನೆಮ್ಮದಿಗೆಂದು ಕೊಳ್ಳುವುದಾದರೆ ಕರ್ನಾಟಕದಲ್ಲೇ ನೋಂದಣಿಯಾದ, ಮೂರು-ನಾಲ್ಕು ವರ್ಷ ಹಳೆಯ ಕಾರನ್ನು ನೋಡಿ ಎನ್ನುತ್ತೇವೆ. ಆಜೀವ ತೆರಿಗೆ ಮೊದಲ ಮಾಲೀಕರೇ ಕಟ್ಟಿರುತ್ತಾರೆ. ದೆಹಲಿಯ ಕಾರು ಅಗ್ಗವಾಗಿ ಕಂಡರೂ ಇಲ್ಲಿ ಮರುನೋಂದಣಿಗೆ ತೆರಿಗೆ ಕಟ್ಟಿದ ಮೇಲೆ ಅಗ್ಗವಾಗಿ ಉಳಿಯದು. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ ಭಾರತದಲ್ಲಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಕೊಳ್ಳಲಿರುವ ಕಾರಿಗೆ ಎಷ್ಟು ಉಳಿದಿದೆ, ಸರ್ವಿಸ್ ತಪ್ಪಿದೆಯೇ ಎಂಬುದನ್ನು ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬರಹದಲ್ಲೇ ಪಡೆಯಿರಿ.

ಪ್ರಶ್ನೆ: ಹೊಸದಾಗಿ ಕೊಂಡ ಹೈಬ್ರಿಡ್ ಸೆಡಾನ್ ಆಗುಂಬೆ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲಿ ತಾನಾಗಿ ಜೋರಾಗಿ ಸದ್ದು ಮಾಡತೊಡಗಿತು. ನಾನು ಆಕ್ಸಲರೇಟರ್ ಮುಟ್ಟಿರಲಿಲ್ಲ. ದೋಷವೇ?
— ಓದುಗರು, ಉಡುಪಿ

ಉತ್ತರ: ದೋಷವಲ್ಲ, ಬ್ಯಾಟರಿ ತುಂಬಿದ ಲಕ್ಷಣ. ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ ಎರಡು ಟನ್ ಕಾರು ಆಗುಂಬೆಯ 14 ತಿರುವುಗಳಲ್ಲಿ ಸುಮಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 2.7 ಕಿಲೋವ್ಯಾಟ್ ಗಂಟೆ. ಇಂಥ ಕಾರಿನ ಬ್ಯಾಟರಿ ಒಟ್ಟು 1ರಿಂದ 1.6 ಕಿಲೋವ್ಯಾಟ್ ಗಂಟೆಯಷ್ಟು. ಬಾಳಿಕೆಗಾಗಿ ಅದರಲ್ಲೂ ನಡುವಿನ ಭಾಗವನ್ನಷ್ಟೇ ಬಳಸುತ್ತಾರೆ. ಗಾಳಿ ಮತ್ತು ಟೈರುಗಳ ತಡೆಗೆ ಒಂದಿಷ್ಟು ಕಳೆದರೂ ಅರ್ಧ ಘಾಟಿಗೇ ಬ್ಯಾಟರಿ ಭರ್ತಿ. ಆಮೇಲೆ ಬರುವ ವಿದ್ಯುತ್ತನ್ನು ಎಲ್ಲಾದರೂ ಖರ್ಚು ಮಾಡಲೇಬೇಕು. ಕಾರು ಅದನ್ನು ಮೋಟಾರ್‌ಗೆ ಕೊಟ್ಟು, ಪೆಟ್ರೋಲ್ ಸುಡದ ಎಂಜಿನ್ನನ್ನು ತಿರುಗಿಸುತ್ತದೆ. ನೀವು ಕೇಳಿದ್ದು ಆ ಸದ್ದು. ಅದು ಎಂಜಿನ್ ಬ್ರೇಕಿಂಗ್ (ಎಂಜಿನ್ನಿನ ತಡೆಯಿಂದ ವೇಗ ತಗ್ಗಿಸುವುದು) ಆಗಿ ನಿಮ್ಮ ಬ್ರೇಕ್‌ಗಳನ್ನು ಕಾಯುತ್ತಿದೆ.

ಹೀಗಾಗಿ ಇಳಿಯಲು ಶುರುಮಾಡುವಾಗಲೇ ಗಿಯರ್ ಲಿವರನ್ನು ‘ಎಸ್’ಗೆ ಹಾಕಿ, ‘ಮೈನಸ್’ ಪ್ಯಾಡಲ್‌ನಿಂದ ಹಂತ ಇಳಿಸಿ. ಎಂಜಿನ್ ಬ್ರೇಕಿಂಗ್‌ಗೆಂದೇ ಲಿವರಿನಲ್ಲಿ ‘ಬಿ’ ಇರುವ ಕಾರಾದರೆ ಅದನ್ನು ಬಳಸಿ. ಬ್ರೇಕನ್ನು ಸತತವಾಗಿ ಮೆಲ್ಲಗೆ ಒತ್ತಿಕೊಂಡಿರದೆ, ತಿರುವಿಗೆ ಮುಂಚೆ ದೃಢವಾಗಿ ಒತ್ತಿ, ಬಿಡಿ. ನ್ಯೂಟ್ರಲ್‌ಗೆ ಮಾತ್ರ ಹಾಕಲೇಬೇಡಿ: ಎಂಜಿನ್ ಬ್ರೇಕಿಂಗೂ ಇರದು, ಬ್ಯಾಟರಿಯೂ ಚಾರ್ಜ್ ಆಗದು. ಘಾಟಿಗೆ ಮುಂಚೆ ಇವಿ ಬಟನ್ (ಮೋಟಾರ್ ಒಂದರಿಂದಲೇ ಓಡಿಸುವ ಗುಂಡಿ) ಒತ್ತಿ ಬ್ಯಾಟರಿ ಖಾಲಿ ಮಾಡಿಕೊಳ್ಳಿ ಎಂಬ ಸಲಹೆ ಕೆಲವರಿಂದ ಬರುತ್ತದೆ. ಅದರಿಂದ ಉಳಿಯುವ ಪೆಟ್ರೋಲ್ ಕಾಲು ಲೀಟರೂ ಆಗದು. ಅಷ್ಟು ತಲೆಕೆಡಿಸಿಕೊಳ್ಳುವುದು ಬೇಡ.

ಹತ್ತುವಾಗ ಗಮನಿಸಬೇಕಾದ್ದು ಬೇರೆ. ದೀರ್ಘ ಏರಿನಲ್ಲಿ ಪೆಡಲ್ ಒತ್ತಿಯೇ ಇದ್ದರೆ ಬ್ಯಾಟರಿ ತಳ ಮುಟ್ಟುತ್ತದೆ, ಆಗ ಉಳಿಯುವುದು ಎಂಜಿನ್ನಿನ ಶಕ್ತಿ ಮಾತ್ರ. ಲಾರಿ ಹಿಂದಿಕ್ಕುವ ಮುನ್ನ ಬ್ಯಾಟರಿ ಗೆರೆಗಳನ್ನು ಒಮ್ಮೆ ನೋಡಿಕೊಳ್ಳಿ. ಏರಿನಲ್ಲಿ ನಿಂತಾಗ ಆಕ್ಸಲರೇಟರ್ ಒತ್ತಿ ಕಾರನ್ನು ಹಿಡಿದಿಡುವ ಅಭ್ಯಾಸವಿದ್ದರೆ ಬಿಡಿ. ತಿರುಗದೆ ನಿಂತ ಮೋಟಾರಿಗೆ ಕರೆಂಟ್ ಹರಿದು ಮೋಟಾರ್, ಅದಕ್ಕೆ ಬ್ಯಾಟರಿಯ ವಿದ್ಯುತ್ತನ್ನು ಹದಮಾಡಿ ಕೊಡುವ ಇನ್ವರ್ಟರ್ ಎರಡೂ ಬಿಸಿಯಾಗುತ್ತವೆ.

ಪ್ರಶ್ನೆ: ಮೂರು ವಾರ ವಿದೇಶದಲ್ಲಿದ್ದು ಬಂದಾಗ ಹೈಬ್ರಿಡ್ ಕಾರು ಚಾಲೂ ಆಗಲೇ ಇಲ್ಲ. ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಹೀಗೇಕೆ?
— ಓದುಗರು, ಶಿವಮೊಗ್ಗ

ಉತ್ತರ: ಸತ್ತದ್ದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನದು. ಕಾರು ನಿಂತಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳು) ಕಡಿದಿರುತ್ತವೆ. ಆ ರಿಲೇಗಳು ಸಂಪರ್ಕವನ್ನು ಮತ್ತೆ ಕೂಡಿಸಲು, ಕಂಪ್ಯೂಟರ್‌ಗಳನ್ನು ಎಬ್ಬಿಸಲು 12 ವೋಲ್ಟ್ ಬೇಕು. ಅದಿಲ್ಲದಿದ್ದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ. ಸ್ಟಾರ್ಟರ್ ಮೋಟಾರ್ ತಿರುಗಿಸುವ ಕೆಲಸ ಇಲ್ಲದ ಕಾರಣ ಈ ಬ್ಯಾಟರಿ ಚಿಕ್ಕದಾಗಿರುತ್ತದೆ, ಹಾಗಾಗಿ ಬೇಗ ಬರಿದಾಗುತ್ತದೆ. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಇದ್ದರೆ ಮೊದಲ ಅನುಮಾನ ಅದರ ಮೇಲೆ.

ಈಗ ಮಾಡಬೇಕಾದ್ದು: ಸ್ಮಾರ್ಟ್ ಕೀ ಒಳಗಿನ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯಿರಿ. ಬ್ಯಾಟರಿ ಡಿಕ್ಕಿಯಲ್ಲಿದ್ದರೂ ಹಲವು ಕಾರುಗಳಲ್ಲಿ ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಕೆಂಪು ಮುಚ್ಚಳದ ಜಂಪ್ ಟರ್ಮಿನಲ್ ಇರುತ್ತದೆ. ಕೆಂಪು ಕೇಬಲ್ ಮೊದಲು ಇಲ್ಲಿಗೆ, ಅದರ ಇನ್ನೊಂದು ತುದಿ ನೆರವಿನ ಕಾರಿನ ಪ್ಲಸ್‌ಗೆ. ಕಪ್ಪು ಕೇಬಲ್ ನೆರವಿನ ಕಾರಿನ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಕಾರಿನ ಬಣ್ಣವಿಲ್ಲದ ಗಟ್ಟಿ ಲೋಹದ ಭಾಗಕ್ಕೆ. ನೆರವಿನ ಕಾರು ಐದು ನಿಮಿಷ ಓಡಲಿ. ಬ್ರೇಕ್ ಒತ್ತಿ ಪವರ್ ಬಟನ್ ಒತ್ತಿ; ‘ರೆಡಿ’ ದೀಪ ಬಂದರೆ ಸಾಕು, ಎಂಜಿನ್ ಸದ್ದಿಗೆ ಕಾಯಬೇಡಿ. ಕೇಬಲ್‌ಗಳನ್ನು ಹಾಕಿದ್ದಕ್ಕೆ ವಿರುದ್ಧ ಕ್ರಮದಲ್ಲಿ, ಕೊನೆಯದನ್ನು ಮೊದಲು ತೆಗೆಯಿರಿ. ಪ್ಲಸ್-ಮೈನಸ್ ಅದಲುಬದಲಾದರೆ ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಒದಗಿಸುವ ಡಿಸಿ ಕನ್ವರ್ಟರ್‌ವರೆಗೂ ಹಾನಿಯಾಗಬಹುದು, ಖರ್ಚು ಭಾರಿ. ಬೇರೆ ಕಾರಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡುವ ಉಪಕಾರವನ್ನೂ ಮಾಡಬೇಡಿ. ಸ್ಟಾರ್ಟರ್ ಎಳೆಯುವ ಕರೆಂಟಿಗೆ ಆ ಕನ್ವರ್ಟರ್ ಮಾಡಿದ್ದಲ್ಲ.

ಮುಂದಕ್ಕೆ, ಕಾರು ನಿಂತೇ ಇದ್ದರೆ ವಾರಕ್ಕೊಮ್ಮೆ ಒಂದು ಗಂಟೆ ‘ಪಿ’ಯಲ್ಲಿ ‘ರೆಡಿ’ ಸ್ಥಿತಿಯಲ್ಲಿಡಿ. ಬರೀ ಆಕ್ಸೆಸರಿ ಸ್ಥಿತಿಯಲ್ಲಿ ಚಾರ್ಜ್ ಆಗದು, ಇನ್ನಷ್ಟು ಬರಿದಾಗುತ್ತದೆ. ‘ರೆಡಿ’ಯಲ್ಲಿ ಎಂಜಿನ್ ತಾನಾಗಿ ಚಾಲೂ ಆಗುವುದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಮಾಡುವುದು ಪ್ರಾಣಾಪಾಯ. ತಿಂಗಳುಗಟ್ಟಲೆ ಹೋಗುವುದಾದರೆ ಮೈನಸ್ ಕೇಬಲ್ ಬಿಚ್ಚಿಡಬಹುದು. ಆದರೆ ಬ್ಯಾಟರಿ ಡಿಕ್ಕಿಯಲ್ಲಿದ್ದರೆ, ವಿದ್ಯುತ್ ಇಲ್ಲದೆ ಡಿಕ್ಕಿ ಕೀಲಿಯಿಂದ ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಬದಲಿಸುವಾಗ ಕೈಪಿಡಿಯಲ್ಲಿ ಹೇಳಿದ ಮಾದರಿಯನ್ನೇ ಹಾಕಿಸಿ. ಕಾರಿನ ಒಳಭಾಗದಲ್ಲಿರುವ ಬ್ಯಾಟರಿಯ ಅನಿಲ ಹೊರಹೋಗುವ ಕೊಳವೆ ಮರುಜೋಡಣೆ ಆಗಿದೆಯೇ ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಹಿಂದಿನ ಸೀಟಿನಡಿ ಫ್ಯಾನ್ ಜೋರಾಗಿ ತಿರುಗುವ ಸದ್ದು. ಚಿಂತಿಸಬೇಕೇ?
— ಓದುಗರು, ಕಲಬುರಗಿ

ಉತ್ತರ: ಫ್ಯಾನ್ ಸದ್ದಷ್ಟೇ ಆದರೆ ಬೇಡ. ಅದು ಸೀಟಿನಡಿಯ ಹೈಬ್ರಿಡ್ ಬ್ಯಾಟರಿಯ ಫ್ಯಾನ್. ಈ ಬ್ಯಾಟರಿ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಂಡು ತಣ್ಣಗಾಗುತ್ತದೆ. 42 ಡಿಗ್ರಿ ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಗಾಳಿ ಕುದಿಯುತ್ತಿರುತ್ತದೆ. ಹೊರಡುವ ಮುನ್ನ ಕಿಟಕಿ ತೆರೆದು ಬಿಸಿಗಾಳಿ ಬಿಡಿ, ಹಿಂದೆ ಯಾರೂ ಕೂರದಿದ್ದರೂ ಹಿಂದಿನ ಎಸಿ ಕಿಂಡಿ ಮುಚ್ಚಬೇಡಿ. ಹಿಂದಿನ ಸೀಟಿನ ಅಂಚಿನಲ್ಲೋ ಅಡಿಯಲ್ಲೋ ಇರುವ ಜಾಲರಿಯೇ ಆ ಗಾಳಿಯ ದಾರಿ. ಸೀಟ್ ಕವರ್, ಚೀಲ, ಮಗುವಿನ ಹೊದಿಕೆ ಅದನ್ನು ಮುಚ್ಚಿದರೆ ಅಥವಾ ಅದರ ಫಿಲ್ಟರಿನಲ್ಲಿ ಧೂಳು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗಿ ಶಕ್ತಿ ಇಳಿಯುತ್ತದೆ, ಕೊನೆಗೆ ಎಚ್ಚರಿಕೆ ದೀಪ ಹತ್ತುತ್ತದೆ, ಆಯಸ್ಸೂ ಕುಗ್ಗುತ್ತದೆ. ನಿಮ್ಮ ಊರಿನ ಧೂಳಿಗೆ ಪ್ರತಿ ಸರ್ವಿಸ್‌ನಲ್ಲೂ ಆ ಫಿಲ್ಟರ್ ತೆಗೆಸಿ ಶುಚಿಮಾಡಿಸಿ, ಕೆಲಸದ ಚೀಟಿಯಲ್ಲಿ ಬರೆಸಿ. ಬಾನೆಟ್ ಕೆಳಗೆ ಇನ್ವರ್ಟರ್‌ಗೆಂದೇ ಪ್ರತ್ಯೇಕ ಕೂಲಂಟ್ ಡಬ್ಬಿ ಇದೆ, ಅದರ ಮಟ್ಟವನ್ನೂ ನೋಡುತ್ತಿರಿ. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜಿನವು, ಅವನ್ನು ಮುಟ್ಟಬೇಡಿ.

ಪ್ರಶ್ನೆ: 40,000 ಕಿ.ಮೀ. ಆದರೂ ಬ್ರೇಕ್ ಪ್ಯಾಡ್ ಹೊಸದರಂತಿದೆ, ಆದರೆ ಡಿಸ್ಕ್ ತುಕ್ಕು ಹಿಡಿದಿದೆ. ಏಕೆ?
— ಓದುಗರು, ಕಾರವಾರ

ಉತ್ತರ: ಎರಡಕ್ಕೂ ಕಾರಣ ಒಂದೇ. ಸಾಧಾರಣ ಬ್ರೇಕಿಂಗನ್ನು ಮೋಟಾರೇ ಮಾಡಿಬಿಡುತ್ತದೆ, ಪ್ಯಾಡ್ ಡಿಸ್ಕನ್ನು ತಿಕ್ಕುವುದು ಅಪರೂಪ. ತಿಕ್ಕಾಟವಿಲ್ಲದ ಡಿಸ್ಕ್ ಕರಾವಳಿಯ ಉಪ್ಪುಗಾಳಿಗೆ, ಮಳೆಗೆ ತುಕ್ಕು ಹಿಡಿಯುತ್ತದೆ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳು ಬಿಗಿದುಕೊಳ್ಳುತ್ತವೆ, ಆಮೇಲೆ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ವಾರಕ್ಕೊಮ್ಮೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮೇಲಿನ ತುಕ್ಕು ಹೋಗುತ್ತದೆ. ಪ್ಯಾಡ್ ದಪ್ಪವಿದೆ ಎಂದು ಮೆಕ್ಯಾನಿಕ್ ಚಕ್ರ ಬಿಚ್ಚದೆ ಬಿಡಬಾರದು. ವರ್ಷಕ್ಕೊಮ್ಮೆ ಪಿನ್ ತೆಗೆಸಿ, ತೊಳೆಸಿ, ಬ್ರೇಕ್‌ಗೆಂದೇ ಇರುವ ಗ್ರೀಸ್ ಹಚ್ಚಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಇದು ವಿದ್ಯುನ್ಮಾನ ಬ್ರೇಕ್ ಆದ್ದರಿಂದ ಆಯಿಲ್ ಕೊಳವೆಗಳಲ್ಲಿ ಸೇರಿದ ಗಾಳಿ ತೆಗೆಯಲು ಸ್ಕ್ಯಾನ್ ಉಪಕರಣ ಬೇಕು. ಪೆಡಲ್ ಒತ್ತಿ-ಬಿಟ್ಟು ಹಳೆಯ ರೀತಿಯಲ್ಲಿ ಮಾಡುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.