ಐದು ವರ್ಷದ ಮಗಳಿಗೆ ಮುಂದಿನ ವಾರ ಟಾನ್ಸಿಲ್ ಆಪರೇಷನ್. ಮೊದಲೇ ಹೇಳಬೇಕಾ, ಹೇಳದೆ ಕರೆದುಕೊಂಡು ಹೋಗುವುದೇ ಒಳ್ಳೆಯದಾ?

ಹೇಳಿ. ಹೇಳಲೇಬೇಕು. "ಅವಳು ಅಳದ ಹಾಗೆ ಏನಾದರೂ ಉಪಾಯ ಇದ್ದರೆ ತಿಳಿಸಿ" ಅಂತ ಬೇರೆ ಕೇಳಿದ್ದೀರಿ. ಆ ಉಪಾಯ ಮಾಡಲು ಹೋಗಿಯೇ ನಾವು ಕೆಟ್ಟಿದ್ದು.

ನನ್ನ ಮಗನಿಗೂ ಆಗ ಐದು ವರ್ಷ. ರಾತ್ರಿಯೆಲ್ಲ ಬಾಯಿ ತೆರೆದುಕೊಂಡು ಗೊರಕೆ. ನಡುನಡುವೆ ಉಸಿರು ನಿಂತ ಹಾಗಾಗಿ ಧಡಕ್ಕನೆ ಏಳುತ್ತಿದ್ದ. ಟಾನ್ಸಿಲ್ ಜೊತೆ ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಬೆಳೆಯುವ ಗಡ್ಡೆಯಂಥದ್ದು, ಅದನ್ನೂ ತೆಗೆಯಬೇಕು ಅಂದರು ಡಾಕ್ಟರು. ನಿಜ ಹೇಳಬೇಕೆಂದರೆ ಆಪರೇಷನ್‌ಗಿಂತ ಜಾಸ್ತಿ ನನಗೆ ಅವನ ರಂಪದ್ದೇ ಭಯ. ಸೂಜಿ ಕಂಡರೆ ಊರು ಒಂದು ಮಾಡುವ ಹುಡುಗ. "ಏನೂ ಹೇಳಬೇಡ, ಸುಮ್ನೆ ಕರ್ಕೊಂಡು ಹೋಗಿಬಿಡೋಣ" ಅಂದರು ನಮ್ಮ ಮನೆಯವರು. ಅತ್ತೆಯದ್ದೂ ಅದೇ ಮಾತು. ನನಗೂ ಅದೇ ಬೇಕಾಗಿತ್ತು ಅನ್ನಿ.

"ಡಾಕ್ಟರ್ ಗಂಟಲು ನೋಡ್ತಾರಂತೆ, ತೋರಿಸ್ಕೊಂಡು ಬಂದುಬಿಡೋಣ" ಅಂದೆ. ಆಟದ ಕಾರು ಹಿಡಿದುಕೊಂಡು ಖುಷಿಯಾಗಿಯೇ ಹೊರಟ. ಹೊಟ್ಟೆ ಹಸಿವು ಅಂದ. ಅದಕ್ಕೊಂದು ಸುಳ್ಳು. ಆಸ್ಪತ್ರೆಯ ಗೌನು ಹಾಕುವಾಗ "ಗಂಟಲು ನೋಡೋಕೆ ಇದ್ಯಾಕೆ?" ಅಂದ. ಅದಕ್ಕೊಂದು. ಸೂಜಿ ಬಂದಾಗ "ನೋವೇ ಆಗಲ್ಲ" ಅಂತ ಇನ್ನೊಂದು. ಕೊನೆಗೆ ಥಿಯೇಟರ್ ಬಾಗಿಲಲ್ಲಿ ಯಾರೋ ಅವನಿಗೆ ಬಲೂನ್ ತೋರಿಸಿದರು. ಅವನು ಆ ಕಡೆ ತಿರುಗಿದ್ದೇ ತಡ, ನಾನು ಮೆಲ್ಲಗೆ ಜಾರಿಕೊಂಡೆ.

ಅವತ್ತು ಬೆಳಿಗ್ಗೆ ಅವನು ಹೆಚ್ಚು ಅಳಲಿಲ್ಲ. ಗೆದ್ದೆವು ಅಂದುಕೊಂಡೆವು.

ನನ್ನ ಲೆಕ್ಕ ಎಲ್ಲಿ ತಪ್ಪಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಅದೇ ಲೆಕ್ಕ ಹಾಕುತ್ತಿದ್ದೀರಿ. ಕಷ್ಟ ಇರುವುದು ಆಪರೇಷನ್ ದಿನ, ಹೇಗಾದರೂ ಮಾಡಿ ಆ ಒಂದು ದಿನ ದಾಟಿಸಿದರೆ ಸಾಕು ಅಂತ ಅಂದುಕೊಂಡಿದ್ದೆ. ಆದರೆ ಆಪರೇಷನ್ ಹೊತ್ತಿಗೆ ಮಗುವಿಗೆ ಪ್ರಜ್ಞೆಯೇ ಇರುವುದಿಲ್ಲ. ಆಗ ಅದು ಯಾರನ್ನೂ ನಂಬಬೇಕಾಗಿಲ್ಲ. ಟಾನ್ಸಿಲ್ ತೆಗೆದ ಮೇಲಿನ ನಿಜವಾದ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ಗಂಟಲು ಉರಿಯುತ್ತಿದ್ದರೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಲೇ ಇರಬೇಕು. ಹೊತ್ತು ಹೊತ್ತಿಗೆ ನೋವಿನ ಔಷಧಿ ನುಂಗಬೇಕು. ನೋವಾದರೂ ದಿನದಿಂದ ದಿನಕ್ಕೆ ಇಳಿಯುತ್ತದಾ, ಅದೂ ಇಲ್ಲ. ಗಾಯದ ಮೇಲಿನ ಬಿಳಿ ಪೊರೆ ಕಳಚುವ ಹೊತ್ತಿಗೆ, ಅಂದರೆ ಸುಮಾರು 5ರಿಂದ 7ನೇ ದಿನದ ಹೊತ್ತಿಗೆ, ಮತ್ತೆ ಜಾಸ್ತಿಯಾಗುತ್ತದೆ. ಆ ದಿನಗಳಲ್ಲಿ ಮಗುವಿಗೆ ನೀರು ಕುಡಿಸಲು ನಿಮ್ಮ ಹತ್ತಿರ ಇರುವುದು ಒಂದೇ ಒಂದು, ನಿಮ್ಮ ಮಾತು.

ನನ್ನ ಮಾತಿಗೆ ಆಗ ಮೂರು ಕಾಸಿನ ಬೆಲೆ ಇರಲಿಲ್ಲ. "ಮೊದಲ ಗುಟುಕು ಮಾತ್ರ ಉರಿಯುತ್ತೆ ಚಿನ್ನಾ, ಆಮೇಲೆ ಹಗುರ ಆಗುತ್ತೆ" ಅಂದರೆ ನನ್ನ ಮುಖ ನೋಡಿ "ಸುಳ್ಳು" ಅನ್ನುತ್ತಿದ್ದ. ತುಟಿ ಬಿಗಿಹಿಡಿದು ಗೋಡೆ ಕಡೆ ತಿರುಗುತ್ತಿದ್ದ. ಔಷಧಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು ದಿಂಬಿನ ಪಕ್ಕ ಉಗಿಯುತ್ತಿದ್ದ. ಕುಡಿಯದೆ ಗಂಟಲು ಒಣಗಿತು, ಒಣಗಿ ನೋವು ಹೆಚ್ಚಿತು, ನೋವು ಹೆಚ್ಚಿದ್ದಕ್ಕೆ ಇನ್ನೂ ಕುಡಿಯಲಿಲ್ಲ. ತುಟಿ ಬಿರಿದು, ಮೂತ್ರ ಕಡಿಮೆಯಾಗಿ, ಕಣ್ಣು ಗುಳಿಬಿದ್ದು, ಮಾತಾಡಿಸಿದರೂ ಸುಮ್ಮನೆ ಮಲಗಿರುತ್ತಿದ್ದ. ಕೊನೆಗೆ ಡ್ರಿಪ್ ಹಾಕಿಸಲು ಮತ್ತೆ ಅಡ್ಮಿಟ್ ಮಾಡಬೇಕಾಯಿತು. ಒಂದು ಸೂಜಿಯ ಅಳು ತಪ್ಪಿಸಲು ಹೋಗಿ ಇನ್ನೊಂದು ಸೂಜಿ.

ಎರಡನೇ ಸಲ ಸಿಕ್ಕ ನರ್ಸ್ ಒಬ್ಬರು ನನ್ನ ಕಣ್ಣು ತೆರೆಸಿದರು. ಅವನು ಮಂಚದ ಮೂಲೆಗೆ ಸರಿದು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಅವರು ಅವನ ಕೈ ಹಿಡಿಯಲು ಹೋಗಲೇ ಇಲ್ಲ. ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು, "ಇದು ಚುಚ್ಚುತ್ತೆ. ಸ್ವಲ್ಪ ಹೊತ್ತು ಅಷ್ಟೇ. ನೀನು ಅಳಬಹುದು, ಕಿರುಚಬಹುದು, ಕೈ ಮಾತ್ರ ಅಲ್ಲಾಡಿಸಬಾರದು. ಯಾವ ಕೈಗೆ ಹಾಕಲಿ?" ಅಂದರು. ಅವನು ತುಂಬಾ ಹೊತ್ತು ಯೋಚನೆ ಮಾಡಿ ಎಡಗೈ ಮುಂದೆ ಮಾಡಿದ. ಮರಗಟ್ಟಿಸುವ ಕ್ರೀಮ್ ಹಚ್ಚಿ ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿದರು. ಅದು ಸರಿಯಾಗಿ ಕೆಲಸ ಮಾಡಲು ಸುಮಾರು 60 ನಿಮಿಷ ಬೇಕು. ಅಷ್ಟು ಹೊತ್ತೂ ಅವನು ಆ ಪ್ಲಾಸ್ಟಿಕ್ಕಿನ ಅಂಚನ್ನು ಬೆರಳಲ್ಲಿ ಸವರುತ್ತಾ, "ಇನ್ನೂ ಆಗ್ಲಿಲ್ವಾ?" ಅಂತ ಕೇಳುತ್ತಿದ್ದ. ಆಮೇಲೆ ಮಲಗಿಸಿ ಅದುಮಿ ಹಿಡಿಯುವ ಬದಲು ನನ್ನ ತೊಡೆಯ ಮೇಲೆ ಕೂರಿಸಿಯೇ ಹಾಕಿದರು. ಅತ್ತ. ಚೆನ್ನಾಗಿಯೇ ಅತ್ತ. ಕೈ ಮಾತ್ರ ಅಲ್ಲಾಡಿಸಲಿಲ್ಲ.

ಹಾಗಾಗಿ ಅಳು ನಿಲ್ಲಿಸುವ ಯೋಚನೆ ಬಿಡಿ. ಅಳದ ಮಗು ಅಂದರೆ ಸಮಾಧಾನವಾಗಿರುವ ಮಗು ಅಂದುಕೊಳ್ಳುವುದು ದೊಡ್ಡ ಮೋಸ. ದೊಡ್ಡ ದೊಡ್ಡ ಆಸ್ಪತ್ರೆಗಳೇ ಇದರಲ್ಲಿ ಬಿದ್ದಿದ್ದವು. ಹಿಂದೆ ಬ್ರಿಟನ್‌ನ ಎಷ್ಟೋ ಆಸ್ಪತ್ರೆಗಳು ಅಪ್ಪ ಅಮ್ಮಂದಿರನ್ನು ವಾರ್ಡಿನ ಒಳಗೆ ಬಿಡುತ್ತಿದ್ದದ್ದೇ ಅಪರೂಪಕ್ಕೆ. ಅವರು ಬಂದು ಹೋದರೆ ಮಕ್ಕಳು ಅಳುತ್ತವೆ, ಬರದಿದ್ದರೆ ಸುಮ್ಮನಿರುತ್ತವೆ, ಅದೇ ವಾಸಿ ಅನ್ನುವ ಲೆಕ್ಕ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಅನ್ನುವ ಸಮಾಜ ಕಾರ್ಯಕರ್ತರು ವಾರ್ಡುಗಳಲ್ಲಿ ಕೂತು ಮಕ್ಕಳನ್ನು ಗಮನಿಸಿ, ಆ ಮೌನ ಆಸೆ ಬಿಟ್ಟ ಮಕ್ಕಳ ಮೌನ ಅಂತ ತೋರಿಸಿಕೊಟ್ಟರು. 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಸರ್ ಹ್ಯಾರಿ ಪ್ಲಾಟ್ ಸಮಿತಿ, ಹೆತ್ತವರಿಗೆ ಹೊತ್ತುಗೊತ್ತಿನ ಕಟ್ಟು ಇರಬಾರದು, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲು ಅವಕಾಶ ಇರಬೇಕು ಅಂತ ವರದಿ ಕೊಟ್ಟಿತು. ಈಗ ನಾವು ಮಗುವಿನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತೇವಲ್ಲ, ಅದಕ್ಕೂ ಯಾರೋ ಜಗಳ ಆಡಬೇಕಾಯಿತು.

ಇನ್ನು ಯಾವಾಗ ಹೇಳುವುದು. ಹಿಂದಿನ ರಾತ್ರಿ ಹೇಳಬೇಡಿ, ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ. ಐದು ವರ್ಷದವಳಿಗೆ ನಾಲ್ಕೈದು ದಿನ ಮುಂಚೆ ಸಾಕು. ಇನ್ನೂ ಚಿಕ್ಕವರಾದರೆ ಒಂದೆರಡು ದಿನ. ಒಂದೇ ಸಲ ಕೂರಿಸಿಕೊಂಡು ಭಾಷಣ ಮಾಡಬೇಡಿ. ಗೊಂಬೆಯ ಮುಖಕ್ಕೆ ಮಾಸ್ಕ್ ಇಟ್ಟು ಆಡಿಸಿ, ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ಮಧ್ಯದಲ್ಲಿ ಎಚ್ಚರ ಆಗಿಬಿಟ್ಟರೆ ಅನ್ನುವ ಭಯ ತುಂಬಾ ಮಕ್ಕಳಿಗೆ ಇರುತ್ತದೆ. ಇದು ರಾತ್ರಿ ಮಲಗುವ ಹಾಗಲ್ಲ, ಡಾಕ್ಟರು ಎಬ್ಬಿಸುವವರೆಗೂ ಏನೂ ಗೊತ್ತಾಗುವುದಿಲ್ಲ ಅಂತ ಹೇಳಿ. ನೀನು ತಪ್ಪು ಮಾಡಿದ್ದಕ್ಕೆ ಕೊಟ್ಟ ಶಿಕ್ಷೆ ಅಲ್ಲ ಅಂತಲೂ ಹೇಳಿ, ಕೇಳದಿದ್ದರೂ ಹೇಳಿ. "ಹಟ ಮಾಡಿದ್ರೆ ಇಂಜೆಕ್ಷನ್ ಕೊಡಿಸ್ತೀನಿ" ಅಂತ ನಾವೇ ಹೆದರಿಸಿ ಬೆಳೆಸಿರುತ್ತೇವೆ, ಅಲ್ವಾ?

ಥಿಯೇಟರ್ ಬಾಗಿಲಲ್ಲಿ ಕದ್ದು ಹೋಗಬೇಡಿ. ಎಷ್ಟೇ ಅತ್ತರೂ "ನಾನೀಗ ಹೊರಗೆ ಕೂತಿರ್ತೀನಿ, ನೀನು ಎದ್ದಾಗ ಬರ್ತೀನಿ" ಅಂತ ಹೇಳಿಯೇ ಹೋಗಿ. ಮಾಸ್ಕ್ ಹಾಕಿ ಮಲಗಿಸುವವರೆಗೂ ಜೊತೆಗಿರಲು ಕೆಲವು ಕಡೆ ಬಿಡುತ್ತಾರೆ, ಮೊದಲೇ ಕೇಳಿ ಇಟ್ಟುಕೊಳ್ಳಿ. ಎಷ್ಟು ಹೊತ್ತು ಉಪವಾಸ ಅನ್ನುವುದನ್ನೂ ಅರಿವಳಿಕೆ ಡಾಕ್ಟರ ಬಾಯಿಂದಲೇ ಕೇಳಿ. ಗಟ್ಟಿ ಆಹಾರಕ್ಕೂ ಬರೀ ನೀರಿಗೂ ಬೇರೆ ಬೇರೆ ಗಡುವು ಇರುತ್ತದೆ, ಮಕ್ಕಳನ್ನು ಸುಮ್ನೆ ರಾತ್ರಿಯಿಂದ ಬಾಯಾರಿಸುವುದು ಬೇಡ. ಎಚ್ಚರವಾಗುವಾಗ ಕೆಲವು ಮಕ್ಕಳು ಅಮ್ಮನ ಗುರುತೇ ಇಲ್ಲದವರ ಹಾಗೆ ಒದೆಯುತ್ತವೆ, ಕೂಗಾಡುತ್ತವೆ. ಅದು ಅರಿವಳಿಕೆಯ ಮಂಪರು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಇದನ್ನು ಯಾರೂ ಹೇಳದೆ ನಾನು ಅಲ್ಲೇ ಕುಸಿದು ಕೂತಿದ್ದೆ.

ಮನೆಗೆ ಬಂದ ಮೇಲೆ ನೋವಿನ ಔಷಧಿಯನ್ನು ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ, ಅವಳು ನೋವು ಅನ್ನಲಿ ಅಂತ ಕಾಯಬೇಡಿ. ಮನೆಯಲ್ಲಿ ಉಳಿದಿರುವ ಕೆಮ್ಮಿನ ಸಿರಪ್ಪನ್ನು ನಿಮ್ಮಷ್ಟಕ್ಕೆ ನೀವೇ ಕುಡಿಸಬೇಡಿ. ಕೆಲವದರಲ್ಲಿ ಕೊಡೀನ್ ಅನ್ನುವ ಅಫೀಮು ಜಾತಿಯ ಔಷಧಿ ಇರುತ್ತದೆ. 12 ವರ್ಷದೊಳಗಿನವರಿಗೆ ನೋವಿಗಾಗಲಿ ಕೆಮ್ಮಿಗಾಗಲಿ ಅದು ಕೂಡದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೆಲವು ದಿನ ಹಾಸಿಗೆ ಒದ್ದೆ ಮಾಡಬಹುದು, ಸೆರಗು ಬಿಡದೆ ಅಂಟಿಕೊಳ್ಳಬಹುದು. ಬೈಯಬೇಡಿ.

ಬರೆಯುವ ಭರದಲ್ಲಿ ಒಂದು ಬಿಟ್ಟೇ ಹೋಗಿತ್ತು. ಬಾಯಿಂದ ಕೆಂಪು ರಕ್ತ ಕಂಡರೆ, ಸ್ವಲ್ಪವೇ ಇದ್ದರೂ, ಆಪರೇಷನ್ ಆಗಿ ಒಂದು ವಾರ ಕಳೆದಿದ್ದರೂ, ಬೆಳಗಾಗಲಿ ಅಂತ ಕೂರಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ. ಎಲ್ಲಿಗೆ, ಯಾಕೆ ಅಂತ ಅವಳಿಗೆ ದಾರಿಯಲ್ಲಿ ಹೇಳಿ.