ಮುಲಾಮು ಹಚ್ಚಿದ್ದಕ್ಕೇ ದಮ್ಮು ಬಂತಾ?

ಹೆಸರು ಬೇಡ. ಊರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಎಲ್ಲೋ ಅಂದುಕೊಳ್ಳಿ. ಆರು ವರ್ಷದ ಹುಡುಗ. ತೊಟ್ಟಿಲಲ್ಲಿದ್ದಾಗಲೇ ಕೆನ್ನೆ ಮೇಲೆ ಕೆಂಪು ಕಜ್ಜಿ ಎದ್ದಿತ್ತು, ಆಮೇಲೆ ಮೊಣಕೈ ಮಡಿಕೆಗೆ, ಮಂಡಿ ಹಿಂದಕ್ಕೆ ಬಂತು. ಡಾಕ್ಟರು ಎಕ್ಸಿಮಾ ಅಂದರು, ಮುಲಾಮು ಕೊಟ್ಟರು, ಕಡಿಮೆಯಾಯಿತು. ಕಳೆದ ಮಳೆಗಾಲದಲ್ಲಿ ರಾತ್ರಿ ಕೆಮ್ಮು ಶುರುವಾಗಿ ಎದೆಯಲ್ಲಿ ಸುಂಯ್ ಅಂತ ಸದ್ದು ಬಂದಾಗ ಮನೆಯವರೆಲ್ಲ ತಿರುಗಿ ನೋಡಿದ್ದು ತಾಯಿಯನ್ನು.

"ಹೊರಗೆ ಬರುವ ಕಜ್ಜಿಯನ್ನು ಮುಲಾಮು ಹಚ್ಚಿ ಒಳಗೆ ತಳ್ಳಿದಿ, ಈಗ ಎದೆಗೆ ಹೋಗಿ ಕೂತಿದೆ" ಅಂದರಂತೆ ಅತ್ತೆ. ಆಕೆ ಹೆದರಿ ಮುಲಾಮು ಬಿಟ್ಟರು. ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡೋಕಾಗಲ್ಲ ಅಂತ ಯಾರೋ ಹೇಳಿದ್ದಕ್ಕೆ ಅದೂ ಕಪಾಟು ಸೇರಿತು. ಮೊಟ್ಟೆ, ಮೀನು, ಹಾಲು ಬಂದ್. ನನ್ನ ಹತ್ತಿರ ಬಂದದ್ದು ಮಾತ್ರ ತನಗೆ ನಿದ್ದೆ ಬರ್ತಿಲ್ಲ ಅಂತ.

ಮುಂದಿನ ಸಲ ಅತ್ತೆಯನ್ನೂ ಕರ್ಕೊಂಡು ಬನ್ನಿ ಅಂದೆ. ಬಂದರು. ನಾನು ವಾದಕ್ಕೆ ಹೋಗಲಿಲ್ಲ, "ಅಮ್ಮ, ನಿಮ್ಮ ಮನೆಯಲ್ಲಿ ಯಾರಿಗೆಲ್ಲ ತುರಿಕೆ, ಸೀನು, ಉಬ್ಬಸ ಇತ್ತು?" ಅಂತ ಕೇಳಿದೆ ಅಷ್ಟೇ. ಅವರೇ ಲೆಕ್ಕ ಹೇಳಿದರು: ಗಂಡನಿಗೆ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ನಾದಿನಿಗೆ ದಮ್ಮು, ಮಗನಿಗೆ ಚಿಕ್ಕಂದಿನಲ್ಲಿ ಇದೇ ಕಜ್ಜಿ. ಹೇಳ್ತಾ ಹೇಳ್ತಾ ದನಿ ಸಣ್ಣದಾಯಿತು. ಸೊಸೆ ನೆಲ ನೋಡ್ತಾ ಕೂತಿದ್ದರು.

ಎಕ್ಸಿಮಾ, ಅಲರ್ಜಿ ಶೀತ, ಅಸ್ತಮಾ ಒಂದೇ ಮನೆತನದವು. ಧೂಳು, ಬೂಸ್ಟಿನಂಥದಕ್ಕೆ ಅತಿಯಾಗಿ ರೇಗುವ ದೇಹದ ಗುಣ ಮೂರರಲ್ಲೂ ಇರುತ್ತದೆ. ಎಷ್ಟೋ ಮಕ್ಕಳಲ್ಲಿ ಮೊದಲು ಚರ್ಮ, ಆಮೇಲೆ ಮೂಗು, ಎದೆ. ಎಲ್ಲರಿಗೂ ಹಾಗಾಗಲ್ಲ, ಕಜ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಅಸ್ತಮಾ ಬರುವುದೇ ಇಲ್ಲ. ಆದರೆ ಒಂದರ ಹಿಂದೆ ಒಂದು ಬಂದಾಗ, ಮೊದಲನೆಯದರ ಔಷಧಿಯೇ ಎರಡನೆಯದಕ್ಕೆ ಕಾರಣ ಅಂತ ಅನ್ನಿಸೋದು ಸಹಜ. ವಿಷಯ ಬಹುಪಾಲು ತಿರುಗಾಮುರುಗಾ. ಚರ್ಮದ ಹೊರಪದರ ಬಿಗಿಯಾಗಿರಲು ಫಿಲಾಗ್ರಿನ್ ಅನ್ನೋ ಪ್ರೋಟೀನ್ ಬೇಕು. ಅದರ ಜೀನ್ ಕೆಟ್ಟವರಿಗೆ ಎಕ್ಸಿಮಾ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಹಾಗೆ ಸಡಿಲವಾಗಿ ಬಿರುಕುಬಿಟ್ಟ ಚರ್ಮದ ಮೂಲಕ ಧೂಳಿನ ಅಂಶ ಒಳಗೆ ನುಸುಳಿ ಅಲರ್ಜಿ ಹುಟ್ಟಿಸಬಹುದು. ಅಂದರೆ ಹೆದರಬೇಕಾದ್ದು ಆರೈಕೆ ಇಲ್ಲದ ಚರ್ಮಕ್ಕೆ, ಮುಲಾಮಿಗಲ್ಲ. ಮುಲಾಮು ಹಚ್ಚಿದರೆ ಅಸ್ತಮಾ ಬರಲ್ಲ ಅಂತಲೂ ನಾನು ಹೇಳಲಿಲ್ಲ, ಆ ಖಾತ್ರಿ ಯಾರೂ ಕೊಡಲಾರರು.

ಎಕ್ಸಿಮಾ ಮುಲಾಮುಗಳಲ್ಲಿ ಹೆಚ್ಚಾಗಿ ಇರುವ ಸ್ಟಿರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಔಷಧಿಯ ಭಯ ಪೂರ್ತಿ ಸುಳ್ಳಲ್ಲ. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಮಿಶ್ರ ಮುಲಾಮುಗಳಲ್ಲಿ ಜೋರು ಸ್ಟಿರಾಯ್ಡ್ ಇರುತ್ತದೆ, ಚರ್ಮ ತೆಳ್ಳಗಾಗುತ್ತದೆ, ಅದು ಬೇಡವೇ ಬೇಡ. ಡಾಕ್ಟರು ಬರೆದದ್ದು, ಹೇಳಿದಷ್ಟು ದಿನ. ಸ್ನಾನ ಮುಗಿದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ವಾಸನೆ ಇಲ್ಲದ ತೇವದ ಕ್ರೀಮು ಧಾರಾಳವಾಗಿ. ಇನ್‌ಹೇಲರ್ ಚಟವಲ್ಲ, ಮೈಕ್ರೋಗ್ರಾಮ್ ಲೆಕ್ಕದ ಔಷಧಿ ನೇರ ಎದೆಗೆ ಹೋಗುತ್ತದೆ. ಸ್ಪೇಸರ್ (ಪಂಪಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ, ಸ್ಟಿರಾಯ್ಡ್‌ನದ್ದಾದರೆ ಆಮೇಲೆ ಬಾಯಿ ಮುಕ್ಕಳಿಸಲಿ.

ಮೀನು, ಮೊಟ್ಟೆ ಸುಮ್ನೆ ನಿಲ್ಲಿಸಬೇಡಿ, ಬೆಳೆಯುವ ಹುಡುಗ ಅಲ್ವಾ? ತಿಂದಾಗ ನಿಜಕ್ಕೂ ಏನಾದರೂ ಆಗಿದೆಯಾ ಅಂತ ಡಾಕ್ಟರ ಹತ್ತಿರ ಮಾತಾಡಿ. ಅದಕ್ಕಿಂತ ಅವನು ಮಲಗುವ ಕೋಣೆ ನೋಡಿ ಅಂದೆ. ವಿಚಾರಿಸಿದರೆ ಅಡಿಕೆ ಗೋಣಿ ಅದೇ ಕೋಣೆಯಲ್ಲಿ, ಹಳೇ ಹತ್ತಿ ಹಾಸಿಗೆ, ಗೋಡೆಯಲ್ಲಿ ಬೂಸ್ಟು, ಪಕ್ಕದಲ್ಲೇ ಬಚ್ಚಲ ಒಲೆಯ ಹೊಗೆ, ಸಾಲದ್ದಕ್ಕೆ ಸೊಳ್ಳೆ ಬತ್ತಿ! ಗೋಣಿ ಹೊರಗೆ, ಬತ್ತಿ ಬದಲು ಸೊಳ್ಳೆ ಪರದೆ, ಹೊದಿಕೆಗೆ ವಾರಕ್ಕೊಮ್ಮೆ ಬಿಸಿನೀರು.

ತಾಯಿ ಪುತ್ತೂರು ಕಡೆಯವರು. ಔಷಧಿ ಚೀಟಿಯಲ್ಲಿದ್ದ ಮಲಯಾಳ ಓದಲು ಬರದೆ ಎರಡು ಇನ್‌ಹೇಲರ್ ಪಂಪ್‌ಗಳನ್ನೂ ಒಂದೇ ಅಂದುಕೊಂಡಿದ್ದರು. ಫಾರ್ಮಸಿಸ್ಟ್ ಹತ್ತಿರ ಕೇಳಿ "ದಿನಾ", "ಉಸಿರು ಕಟ್ಟಿದಾಗ" ಅಂತ ಕನ್ನಡದಲ್ಲಿ ಬರೆದು ಅಂಟಿಸಿದೆವು. ಮಾತಾಡೋಕೂ ಆಗದಷ್ಟು ಏದುಸಿರು, ಪಕ್ಕೆ ಒಳಗೆ ಎಳೆಯುವುದು, ತುಟಿ ನೀಲಿ, ಇದರಲ್ಲಿ ಒಂದು ಕಂಡರೂ "ಉಸಿರು ಕಟ್ಟಿದಾಗ" ಅಂತ ಬರೆದ ನೀಲಿ ಪಂಪ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ ಅಂತ ಅತ್ತೆಗೂ ಹೇಳಿದೆ, ಹಗಲು ಮಗು ಇರುವುದು ಅವರ ಹತ್ತಿರ ತಾನೇ.

ಶಾಲೆಯಲ್ಲಿ ಅವನನ್ನು ಬೇರೆ ಬೆಂಚಿಗೆ ಕೂರಿಸಿದ್ದರು. ಇದು ಅಂಟುವ ಕಾಯಿಲೆ ಅಲ್ಲ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಕೊಡಿ ಅಂದೆ. ಅದನ್ನು ಟೀಚರಿಗೆ ಕೊಟ್ಟು ಬಂದದ್ದು ಅತ್ತೆಯೇ.